ಒಂದೇ ಡೋಸ್, ಹಗಲಿಗೊಂದು ಪರಿಣಾಮ, ರಾತ್ರಿಗೊಂದು: ಬೆಳಕಿನ ದಿನಚಕ್ರ ಮತ್ತು ಪ್ರಾಣಿಗಳ ಮಂಪರು ಔಷಧ

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಚಿಕ್ಕ ಇಲಿಗಳಿಗೆ ಪೆಂಟೊಬಾರ್ಬಿಟಾಲ್ ಕೊಟ್ಟು ಅವು ಎಷ್ಟು ಹೊತ್ತು ನಿದ್ರಿಸುತ್ತವೆ ಎಂದು ಅಳೆಯುತ್ತಿದ್ದೇವೆ. ಬೆಳಗ್ಗೆ ಹತ್ತು ಗಂಟೆಗೆ ಚುಚ್ಚುಮದ್ದು ಕೊಟ್ಟ ಇಲಿಗಳು ಬಹಳ ಹೊತ್ತು ಮಲಗುತ್ತವೆ. ದೀಪ ಆರಿದ ಮೇಲೆ ರಾತ್ರಿ ಕೊಟ್ಟವು ಬೇಗ ಎದ್ದುಬಿಡುತ್ತವೆ. ತಳಿ, ವಯಸ್ಸು, ತೂಕಕ್ಕೆ ತಕ್ಕ ಡೋಸ್ ಎಲ್ಲವೂ ಒಂದೇ. ಇದು ಬೆಳಕಿನ ನೇರ ಪರಿಣಾಮವೇ ಅಥವಾ ದೇಹದೊಳಗಿನ ಗಡಿಯಾರದ ಕೆಲಸವೇ? ನಾಯಿ, ಬೆಕ್ಕು, ಕುದುರೆಗಳಿಗೆ ಮಂಪರು ಕೊಡುವಾಗಲೂ ಹೊತ್ತು ನೋಡಬೇಕೇ? ನಮ್ಮ ಪ್ರಯೋಗವನ್ನು ಹೇಗೆ ತಿದ್ದಿಕೊಳ್ಳಬೇಕು?

ಉತ್ತರ: ನೀವು ಕಂಡದ್ದು ಅಳತೆಯ ದೋಷವಲ್ಲ. ಇಲಿಗಳಲ್ಲಿ ಪೆಂಟೊಬಾರ್ಬಿಟಾಲ್ ಸೇರಿದ ಬಾರ್ಬಿಚುರೇಟ್ ಬಳಗದ ಮಂಪರು ಔಷಧಗಳ ಪರಿಣಾಮ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ ಎಂಬುದು 1960ರ ದಶಕದಿಂದಲೇ ಗೊತ್ತಿರುವ ಸಂಗತಿ. ಪೆಂಟೊಬಾರ್ಬಿಟಾಲ್‌ಗೆ ಚಿಕ್ಕ ಇಲಿಗಳು ತೋರುವ ಪ್ರತಿಕ್ರಿಯೆಯಲ್ಲಿ ಹಗಲು-ರಾತ್ರಿಯ ವ್ಯತ್ಯಾಸವಿದೆ ಎಂದು 1962ರಲ್ಲಿ ವರದಿಯಾಯಿತು; 1968ರಲ್ಲಿ ರ‍್ಯಾಟ್ ಎಂದು ಕರೆಯುವ ದೊಡ್ಡ ಇಲಿಗಳಲ್ಲಿಯೂ ಅದೇ ಔಷಧಕ್ಕೆ ದಿನದ ಲಯವಿರುವುದನ್ನು ತೋರಿಸಲಾಯಿತು. ಇಷ್ಟು ಹಳೆಯ ತಿಳಿವಳಿಕೆಯಾದರೂ ಪ್ರಾಣಿಗಳ ಮೇಲಿನ ಎಷ್ಟೋ ವರದಿಗಳಲ್ಲಿ ಔಷಧ ಕೊಟ್ಟ ಹೊತ್ತನ್ನು ಬರೆಯುವುದೇ ಇಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ವಿಷಯ. ಡೋಸ್ ಬರೆಯದೆ ಫಲಿತಾಂಶ ಮಾತ್ರ ಬರೆದರೆ ಯಾರೂ ಒಪ್ಪುವುದಿಲ್ಲ. ಹೊತ್ತನ್ನು ಬಿಟ್ಟರೆ ಮಾತ್ರ ಯಾರೂ ಕೇಳುವುದಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರವೆಂದರೆ, ವ್ಯತ್ಯಾಸದ ದೊಡ್ಡ ಪಾಲು ದೇಹದೊಳಗಿನ ಗಡಿಯಾರದ್ದು, ಸಣ್ಣ ಪಾಲು ಬೆಳಕಿನ ನೇರ ಪರಿಣಾಮದ್ದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡದಿದ್ದರೆ ನಿಮ್ಮ ಅಂಕಿಗಳಿಂದ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆಯಿದೆ.

ಸಸ್ತನಿಗಳಲ್ಲಿ ಈ ಗಡಿಯಾರದ ಕೇಂದ್ರ ಇರುವುದು ಮೆದುಳಿನ ತಳಭಾಗದ ಹೈಪೋಥಲಾಮಸ್‌ನಲ್ಲಿ, ಎರಡೂ ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲ್ಗಡೆ. ಸುಪ್ರಾಕಯಾಸ್ಮಾಟಿಕ್ ನ್ಯೂಕ್ಲಿಯಸ್ ಎಂಬ ಈ ಜೋಡಿ ಗುಚ್ಛದಲ್ಲಿ ಇಲಿಗಳಲ್ಲಿ ಸುಮಾರು 20,000 ನರಕೋಶಗಳಿವೆ. ಇದನ್ನು ನಾಶಪಡಿಸಿದರೆ ಪ್ರಾಣಿಯ ಚಟುವಟಿಕೆ, ನೀರು ಕುಡಿಯುವ ಹೊತ್ತು, ಹಾರ್ಮೋನಿನ ಏರಿಳಿತ ಎಲ್ಲವೂ ಲಯ ಕಳೆದುಕೊಳ್ಳುತ್ತವೆ ಎಂದು 1972ರಲ್ಲಿ ಎರಡು ಪ್ರತ್ಯೇಕ ತಂಡಗಳು ತೋರಿಸಿದವು. ಈ ಕೇಂದ್ರಕ್ಕೆ ಹೊರಗಿನ ಹಗಲಿನ ಸುದ್ದಿ ತಲುಪಿಸುವುದು ಅಕ್ಷಿಪಟದಲ್ಲಿರುವ ವಿಶೇಷ ಕೋಶಗಳು. ನಾವು ಆಕಾರ, ಬಣ್ಣಗಳನ್ನು ನೋಡಲು ಬಳಸುವ ಕೋಶಗಳಿಗಿಂತ ಇವು ಬೇರೆ. ಇವುಗಳಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿದ್ದು, ಸುಮಾರು 480 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ. ಈ ಕೋಶಗಳು ತಾವೇ ಬೆಳಕನ್ನು ಗ್ರಹಿಸಬಲ್ಲವು ಎಂಬುದು ಖಚಿತವಾದದ್ದು 2002ರಲ್ಲಿ. ಹಾಗಾಗಿ, ದೃಷ್ಟಿಯ ಮಾಮೂಲು ಕೋಶಗಳು ಹುಟ್ಟಿನಿಂದಲೇ ಕ್ಷೀಣಿಸಿ ಕುರುಡಾದ ಇಲಿಯ ಗಡಿಯಾರವೂ ಕೋಣೆಯ ದೀಪಕ್ಕೆ ಹೊಂದಿಕೊಂಡೇ ನಡೆಯಬಹುದು.

ಇಲ್ಲಿ ಬೆಳಕು ಮಾಡುವ ಕೆಲಸ ಗಡಿಯಾರವನ್ನು ಪ್ರತಿದಿನ ಸರಿಹೊಂದಿಸುವುದು, ನಡೆಸುವುದಲ್ಲ. ಇಲಿಗಳನ್ನು ಪೂರ್ತಿ ಕತ್ತಲಲ್ಲಿಟ್ಟರೂ ಅವುಗಳ ಲಯ ನಿಲ್ಲುವುದಿಲ್ಲ, ದಿನಕ್ಕಿಷ್ಟು ಹಿಂದೆಯೋ ಮುಂದೆಯೋ ಸರಿಯುತ್ತ ಸಾಗುತ್ತದೆ. ಔಷಧದ ಪರಿಣಾಮದ ಏರಿಳಿತ ಗಡಿಯಾರದ್ದೇ ಎಂದು ಹೇಳಬೇಕಾದರೆ ಅದು ಇಂಥ ಕತ್ತಲಲ್ಲೂ ಉಳಿಯಬೇಕು. ಬೆಳಕಿನ ನೇರ ಪರಿಣಾಮ ಇದಕ್ಕಿಂತ ಭಿನ್ನ: ರಾತ್ರಿ ಓಡಾಡುತ್ತಿರುವ ಇಲಿಯ ಮೇಲೆ ದೀಪ ಹಾಕಿದರೆ ಅದು ಆ ಕ್ಷಣವೇ ಮೂಲೆ ಸೇರಿ ಸುಮ್ಮನಾಗುತ್ತದೆ, ಅದರ ಗಡಿಯಾರ ಇನ್ನೂ ಎಚ್ಚರದ ಹೊತ್ತನ್ನೇ ತೋರಿಸುತ್ತಿದ್ದರೂ. ನೀವು ರಾತ್ರಿಯ ಚುಚ್ಚುಮದ್ದನ್ನು ಪ್ರಖರ ಬೆಳಕಿನ ಕೋಣೆಗೆ ತಂದು ಕೊಟ್ಟಿದ್ದರೆ ನಿಮ್ಮ ರಾತ್ರಿಯ ಅಂಕಿಗಳಲ್ಲಿ ಎರಡೂ ಪರಿಣಾಮಗಳು ಬೆರೆತಿವೆ.

ಮೆಲಟೋನಿನ್ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಎಲ್ಲ ವ್ಯತ್ಯಾಸಗಳಿಗೂ ಅದನ್ನೇ ಕಾರಣ ಮಾಡುವುದು ರೂಢಿಯಾಗಿದೆ. ಈ ಹಾರ್ಮೋನು ಹಗಲು ಓಡಾಡುವ ಪ್ರಾಣಿಗಳಲ್ಲಿಯೂ ನಿಶಾಚರಿಗಳಲ್ಲಿಯೂ ರಾತ್ರಿಯೇ ಹೆಚ್ಚುತ್ತದೆ. ಅಂದರೆ ಇಲಿಗಳಲ್ಲಿ ಅದು ಹೆಚ್ಚಿರುವುದು ಅವು ಎಚ್ಚರವಾಗಿರುವ ಹೊತ್ತಿನಲ್ಲಿ. ಅಷ್ಟೇ ಅಲ್ಲ, ಪ್ರಯೋಗಾಲಯಗಳಲ್ಲಿ ಎಲ್ಲೆಡೆ ಬಳಸುವ ಸಿ57ಬಿಎಲ್/6 ತಳಿಯ ಇಲಿಗಳಲ್ಲಿ ಮೆಲಟೋನಿನ್ ಉತ್ಪಾದನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಆದರೂ ಅವುಗಳ ಗಡಿಯಾರ ಚೆನ್ನಾಗಿ ನಡೆಯುತ್ತದೆ. ನಿಮ್ಮ ಇಲಿಗಳ ವಿವರಣೆಯನ್ನು ಬೇರೆ ಕಡೆ ಹುಡುಕಬೇಕು.

ಪೆಂಟೊಬಾರ್ಬಿಟಾಲ್‌ನ ಮಟ್ಟಿಗೆ ಮೊದಲು ಹುಡುಕಬೇಕಾದ ಜಾಗ ಯಕೃತ್ತು. ಈ ಔಷಧದ ಪರಿಣಾಮ ಕೊನೆಗೊಳ್ಳುವುದರಲ್ಲಿ ಯಕೃತ್ತಿನ ಸೈಟೋಕ್ರೋಮ್ ಪಿ450 ಗುಂಪಿನ ಕಿಣ್ವಗಳು ಅದನ್ನು ಒಡೆಯುವುದಕ್ಕೆ ದೊಡ್ಡ ಪಾತ್ರವಿದೆ. ಇದೇ ಬಳಗದ ಹೆಕ್ಸೊಬಾರ್ಬಿಟಾಲ್ ಮೇಲೆ ದೊಡ್ಡ ಇಲಿಗಳಲ್ಲಿ ನಡೆದ ಹಳೆಯ ಅಧ್ಯಯನಗಳಲ್ಲಿ ಕಿಣ್ವದ ಚಟುವಟಿಕೆಯೂ ನಿದ್ರೆಯ ಅವಧಿಯೂ ಒಂದಕ್ಕೊಂದು ವಿರುದ್ಧವಾಗಿ ಸಾಗುವುದು ಕಂಡಿತು: ಕತ್ತಲ ಹೊತ್ತಿನಲ್ಲಿ ಕಿಣ್ವ ಚುರುಕು, ನಿದ್ರೆ ಗಿಡ್ಡ, ಬೆಳಕಿನ ಹೊತ್ತಿನಲ್ಲಿ ಕಿಣ್ವ ಮಂದ, ನಿದ್ರೆ ದೀರ್ಘ. ಈ ನಂಟಿನ ಒಳಗುಟ್ಟು ಬಿಚ್ಚಿಕೊಂಡದ್ದು 2006ರಲ್ಲಿ. ಗಡಿಯಾರದ ವಂಶವಾಹಿಗಳ ಆಣತಿಯಂತೆ ಏರಿಳಿಯುವ ಡಿಬಿಪಿ, ಟಿಇಎಫ್, ಎಚ್‌ಎಲ್‌ಎಫ್ ಎಂಬ ಮೂರು ಪ್ರೋಟೀನುಗಳಿವೆ; ಔಷಧ ಒಡೆಯುವ ಕಿಣ್ವಗಳ ತಯಾರಿಯನ್ನು ನಿಯಂತ್ರಿಸುವ ಘಟಕಗಳ ಮೇಲೆ ಇವುಗಳ ಹಿಡಿತವಿದೆ. ಮೂರನ್ನೂ ಇಲ್ಲವಾಗಿಸಿದ ಇಲಿಗಳಿಗೆ ಪೆಂಟೊಬಾರ್ಬಿಟಾಲ್ ಕೊಟ್ಟಾಗ ಅವು ಸಾಮಾನ್ಯ ಇಲಿಗಳಿಗಿಂತ ಬಹಳ ಹೆಚ್ಚು ಹೊತ್ತು ಮಲಗಿದವು. ಕಣ್ಣಿನಿಂದ ಹೊರಟ ಬೆಳಕಿನ ಸುದ್ದಿ ಯಕೃತ್ತಿನ ಕಿಣ್ವದವರೆಗೆ ಹೇಗೆ ತಲುಪುತ್ತದೆ ಎಂಬುದರ ಒಂದು ಕೊಂಡಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೆಲಸ ಈ ಕ್ಷೇತ್ರದಲ್ಲಿ ಅಪರೂಪ.

ಆದರೆ ಯಕೃತ್ತಿಗೆ ಸ್ವಂತ ಗಡಿಯಾರವೂ ಇದೆ, ಮತ್ತು ಅದು ದೀಪಕ್ಕಿಂತ ಊಟದ ಹೊತ್ತಿಗೆ ಹೆಚ್ಚು ಕಿವಿಗೊಡುತ್ತದೆ. ನಿಶಾಚರಿಯಾದ ಇಲಿಗೆ ಹಗಲು ಮಾತ್ರ ಆಹಾರ ಸಿಗುವಂತೆ ಮಾಡಿದರೆ ಕೆಲವೇ ದಿನಗಳಲ್ಲಿ ಯಕೃತ್ತಿನ ಗಡಿಯಾರ ತಿರುಗಿಕೊಳ್ಳುತ್ತದೆ, ಮೆದುಳಿನ ಕೇಂದ್ರ ಮಾತ್ರ ದೀಪದ ಜೊತೆಗೇ ಉಳಿಯುತ್ತದೆ. ಇಂಥ ಪ್ರಾಣಿಯಲ್ಲಿ ಎರಡು ಗಡಿಯಾರಗಳು ಎರಡು ಹೊತ್ತನ್ನು ತೋರಿಸುತ್ತಿರುತ್ತವೆ. ಆದ್ದರಿಂದ ನಿಮ್ಮ ಇಲಿಗಳಿಗೆ ಆಹಾರ ಸದಾ ಸಿಗುವಂತಿತ್ತೇ, ಅರಿವಳಿಕೆಗೆ ಮುಂಚೆ ಯಾವ ಗುಂಪನ್ನಾದರೂ ಉಪವಾಸ ಇಟ್ಟಿದ್ದೀರಾ ಎಂಬುದನ್ನು ಮೊದಲು ನೋಡಿಕೊಳ್ಳಿ. ಇನ್ನೊಂದು ಸಣ್ಣ ವಿಷಯ, ಆದರೆ ಅನೇಕರನ್ನು ದಾರಿ ತಪ್ಪಿಸಿರುವಂಥದ್ದು: ದೇವದಾರು, ಪೈನ್‌ನಂಥ ಮೆದು ಮರದ ಹೊಟ್ಟನ್ನು ಪಂಜರದಲ್ಲಿ ಹಾಸಿದರೆ ಅದರ ಆವಿಯಿಂದಲೇ ಯಕೃತ್ತಿನ ಕಿಣ್ವಗಳು ಹೆಚ್ಚಿ ಬಾರ್ಬಿಚುರೇಟ್ ನಿದ್ರೆ ಗಿಡ್ಡವಾಗುತ್ತದೆ ಎಂದು 1967ರಲ್ಲೇ ತೋರಿಸಲಾಗಿದೆ. ಎರಡೂ ಗುಂಪಿನ ಹಾಸು ಒಂದೇ ಆಗಿರಲಿ.

ಹಾಗಾದರೆ ಎಲ್ಲವೂ ಯಕೃತ್ತಿನದೇ ಎಂದರೆ ಅದೂ ಸರಿಯಲ್ಲ. ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲಗಳಲ್ಲಿ ಇದನ್ನು ಪರೀಕ್ಷಿಸಲು ಒಳ್ಳೆಯ ಅನುಕೂಲವಿದೆ. ನೋವಿಗೆ ಪ್ರಾಣಿ ಅಲುಗಾಡದಂತೆ ಇರಿಸಲು ಶ್ವಾಸಕೋಶದೊಳಗೆ ಎಷ್ಟು ಸಾಂದ್ರತೆಯ ಅನಿಲ ಬೇಕು ಎಂದು ಅಳೆಯುವಾಗ, ಆ ಸಾಂದ್ರತೆಯನ್ನು ಸ್ಥಿರವಾಗಿ ಹಿಡಿದಿಟ್ಟಿರುವುದರಿಂದ ಯಕೃತ್ತು ಎಷ್ಟು ಒಡೆಯಿತು ಎಂಬ ಪ್ರಶ್ನೆಯೇ ಲೆಕ್ಕದಿಂದ ಹೊರಗುಳಿಯುತ್ತದೆ. 1970ರಲ್ಲಿ ದೊಡ್ಡ ಇಲಿಗಳಲ್ಲಿ ಹೀಗೆ ಅಳೆದಾಗಲೂ ಅವು ಚುರುಕಾಗಿರುವ ಕತ್ತಲ ಹೊತ್ತಿನಲ್ಲಿ ಹೆಚ್ಚು ಅನಿಲ ಬೇಕಾಯಿತು. ಏರಿಳಿತ ದೊಡ್ಡದಲ್ಲ, ಆದರೆ ಅದು ಮೆದುಳಿನ ಸಂವೇದನೆಯೇ ಬದಲಾಗುತ್ತದೆ ಎಂಬುದಕ್ಕೆ ಸಾಕ್ಷಿ. ಇದು ಅಚ್ಚರಿಯ ಸಂಗತಿಯೂ ಅಲ್ಲ. ಮಂಪರು ಔಷಧಗಳು ಮೆದುಳಿನಲ್ಲಿ ತಾವಾಗಿ ಒಂದು ಹೊಸ ದಾರಿ ಕಡಿಯುವುದಿಲ್ಲ; ಸಹಜ ನಿದ್ರೆ-ಎಚ್ಚರಗಳು ಬಳಸುವ ದಾರಿಯನ್ನೇ ಬಹುಮಟ್ಟಿಗೆ ಹಿಡಿಯುತ್ತವೆ. ಬಾರ್ಬಿಚುರೇಟ್‌ಗಳು, ಡಯಜೆಪಾಮ್ ಬಳಗದ ಔಷಧಗಳು ಮತ್ತು ಪ್ರೊಪೊಫಾಲ್ ಗಾಬಾ ಎಂಬ ತಡೆಯುವ ಸಂದೇಶವಾಹಕದ ಗ್ರಾಹಕವನ್ನು ಬಲಪಡಿಸುತ್ತವೆ. ಪ್ರಾಣಿಗಳಿಗೆ ಕೊಡುವ ಮಂಪರು ಔಷಧಗಳಾದ ಜೈಲಜೀನ್, ಡೆಕ್ಸ್‌ಮೆಡಿಟೊಮಿಡಿನ್ ಮೆದುಳಿನ ಕಾಂಡದ ಲೋಕಸ್ ಸೆರುಲಿಯಸ್ ಎಂಬ ಎಚ್ಚರದ ಕೇಂದ್ರದಿಂದ ಹೊರಡುವ ನಾರ್‌ಅಡ್ರಿನಲಿನ್ ಹರಿವನ್ನು ತಗ್ಗಿಸುತ್ತವೆ. ಈ ಕೇಂದ್ರ ಪ್ರಾಣಿ ಎಚ್ಚರವಾಗಿದ್ದಾಗ ಹೆಚ್ಚು ಮಿಡಿಯುತ್ತದೆ, ನಿದ್ರೆಯಲ್ಲಿ ತಗ್ಗುತ್ತದೆ. ಆಗಲೇ ತಗ್ಗಿರುವುದನ್ನು ಇನ್ನಷ್ಟು ತಗ್ಗಿಸುವುದು ಸುಲಭ, ಉಕ್ಕಿರುವುದನ್ನು ತಗ್ಗಿಸಲು ಹೆಚ್ಚು ಔಷಧ ಬೇಕು.

ಮೂರನೆಯ ಕಾರಣ ದೇಹದ ಉಷ್ಣತೆ. ಇಲಿಗಳ ಮೈಬಿಸಿ ವಿಶ್ರಾಂತಿಯ ಹೊತ್ತಿನಲ್ಲಿ ಒಂದೆರಡು ಡಿಗ್ರಿ ಸೆಲ್ಸಿಯಸ್ ಇಳಿದಿರುತ್ತದೆ. ಅರಿವಳಿಕೆ ಅದನ್ನು ಇನ್ನೂ ಇಳಿಸುತ್ತದೆ, ಮೈ ತಣ್ಣಗಾದಂತೆ ಔಷಧ ಒಡೆಯುವ ವೇಗವೂ ಕುಸಿಯುತ್ತದೆ. ಅಂದರೆ ಹಗಲು ಔಷಧ ಕೊಟ್ಟ ಇಲಿ ಮೊದಲೇ ತುಸು ತಣ್ಣಗಿದ್ದು, ಮಲಗಿದ ಕಾರಣಕ್ಕೇ ಇನ್ನಷ್ಟು ಹೊತ್ತು ಮಲಗುತ್ತದೆ.

ನೀವು ನಿದ್ರೆಯ ಅವಧಿಯನ್ನು ಅಳೆಯುವ ವಿಧಾನವನ್ನು ಈ ದೃಷ್ಟಿಯಿಂದ ಒಮ್ಮೆ ಹತ್ತಿರದಿಂದ ನೋಡಿ. ಸಾಮಾನ್ಯ ವಿಧಾನದಲ್ಲಿ ಇಲಿಯನ್ನು ಬೆನ್ನ ಮೇಲೆ ಮಲಗಿಸುತ್ತಾರೆ. ತಾನಾಗಿ ಹೊರಳಿ ನಾಲ್ಕೂ ಪಾದಗಳನ್ನು ನೆಲಕ್ಕೂರಲು ಅದು ವಿಫಲವಾದ ಗಳಿಗೆಯಿಂದ ಮತ್ತೆ ಹಾಗೆ ಹೊರಳಿ ನಿಲ್ಲುವ ಗಳಿಗೆಯವರೆಗಿನ ಸಮಯವೇ ನಿದ್ರೆಯ ಅವಧಿ. ಬರಿಯ ಉಕ್ಕಿನ ಮೇಜಿನ ಮೇಲೆ ಹೀಗೆ ಮಲಗಿಸಿದ ಇಲಿಯ ಬೆನ್ನಿನಿಂದ ಬಿಸಿ ಬೇಗನೆ ಹರಿದುಹೋಗುತ್ತದೆ. ಬಿಸಿಹಾಸಿನ ಮೇಲೆ ಮಲಗಿಸಿ, ಗುದದ ಉಷ್ಣತೆಯನ್ನು ತೆಳು ಥರ್ಮಾಮೀಟರಿನಿಂದ ಅಳೆಯುತ್ತ ಎರಡೂ ಹೊತ್ತಿನಲ್ಲಿ ಅದನ್ನು ಒಂದೇ ಮಟ್ಟದಲ್ಲಿ ಉಳಿಸಿದರೆ, ವ್ಯತ್ಯಾಸದಲ್ಲಿ ಉಷ್ಣತೆಯ ಪಾಲೆಷ್ಟು ಎಂಬುದು ನಿಮಗೇ ಕಾಣುತ್ತದೆ. ಮೊದಲ ಸಲ ಹೊರಳಿದ್ದನ್ನೇ ಎಚ್ಚರ ಎಂದು ಬರೆದುಕೊಳ್ಳಬೇಡಿ. ಮತ್ತೆ ಬೆನ್ನ ಮೇಲೆ ಮಲಗಿಸಿ, ಒಂದು ನಿಮಿಷದೊಳಗೆ ಪುನಃ ಹೊರಳುತ್ತದೆಯೇ ಎಂದು ನೋಡಿ. ಅಳೆಯುವವರಿಗೆ ಯಾವ ಇಲಿ ಯಾವ ಗುಂಪಿನದು ಎಂದು ತಿಳಿಯದಂತೆ ಮಾಡುವುದು ಹಗಲು-ರಾತ್ರಿಯ ಪ್ರಯೋಗದಲ್ಲಿ ಕಷ್ಟ, ಆದರೆ ವಿಡಿಯೊ ಮಾಡಿ ಬೇರೆಯವರಿಂದ ಎಣಿಸಿದರೆ ಅದೂ ಸಾಧ್ಯ.

ಔಷಧ ಮತ್ತು ಗಡಿಯಾರದ ಸಂಬಂಧ ಒಂದೇ ದಿಕ್ಕಿನದಲ್ಲ ಎಂಬುದು ನನ್ನ ಮಟ್ಟಿಗೆ ಈ ವಿಷಯದ ಅತಿ ಮುಖ್ಯ ಭಾಗ, ಮತ್ತು ಪದೇ ಪದೇ ಮಂಪರು ಕೊಡಬೇಕಾದ ಪ್ರಯೋಗಗಳಲ್ಲಿ ಹೆಚ್ಚು ಜನ ಮರೆಯುವ ಭಾಗವೂ ಹೌದು. ಹೊತ್ತು ಔಷಧದ ಪರಿಣಾಮವನ್ನು ಬದಲಿಸುವಂತೆ ಔಷಧವೂ ಪ್ರಾಣಿಯ ಹೊತ್ತನ್ನು ಬದಲಿಸುತ್ತದೆ. ನಿದ್ರೆಗಾಗಿ ಮನುಷ್ಯರಿಗೆ ಕೊಡುತ್ತಿದ್ದ ಟ್ರಯಜೊಲಾಮ್ ಅನ್ನು ಹ್ಯಾಮ್‌ಸ್ಟರ್‌ಗಳಿಗೆ ಕೊಟ್ಟಾಗ ಅವುಗಳ ದಿನಚರಿಯೇ ಮುಂದಕ್ಕೋ ಹಿಂದಕ್ಕೋ ಸರಿಯಿತು ಎಂದು 1986ರಲ್ಲಿ ಪ್ರಕಟವಾಯಿತು. ಎತ್ತ ಸರಿಯುತ್ತದೆ ಎಂಬುದನ್ನು ಔಷಧ ಕೊಟ್ಟ ಹೊತ್ತು ನಿರ್ಧರಿಸುತ್ತಿತ್ತು. ಮುಂದೆ ತಿಳಿದದ್ದು ಇನ್ನೂ ಕುತೂಹಲಕರ. ಆ ಔಷಧ ಹ್ಯಾಮ್‌ಸ್ಟರ್‌ಗಳನ್ನು ಮಲಗಿಸುವ ಬದಲು ಓಡಾಡಿಸುತ್ತಿತ್ತು, ಓಡಾಡದಂತೆ ತಡೆದರೆ ಗಡಿಯಾರ ಸರಿಯುತ್ತಿರಲಿಲ್ಲ. ಒಂದು ಪ್ರಾಣಿಯಲ್ಲಿ ಮಂಪರು ತರುವ ಔಷಧ ಇನ್ನೊಂದರಲ್ಲಿಯೂ ಅದನ್ನೇ ಮಾಡುತ್ತದೆ ಎಂದು ಊಹಿಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪ್ರೊಪೊಫಾಲ್ ಕೊಟ್ಟ ದೊಡ್ಡ ಇಲಿಗಳಲ್ಲಿ, ಅವು ವಿಶ್ರಾಂತಿಯಿಂದ ಚಟುವಟಿಕೆಗೆ ಹೊರಳುವ ಹೊತ್ತಿನಲ್ಲಿ ಕೊಟ್ಟರೆ, ದಿನಚರಿ ಸುಮಾರು ಒಂದು ಗಂಟೆ ಮುಂದಕ್ಕೆ ಬರುವುದು ಕಂಡಿದೆ. ಜೇನುಹುಳುಗಳಿಗೆ ಐಸೊಫ್ಲುರೇನ್ ಅನಿಲದಿಂದ ಆರು ಗಂಟೆ ಅರಿವಳಿಕೆ ಕೊಟ್ಟು ನ್ಯೂಜಿಲೆಂಡ್‌ನಲ್ಲಿ ನಡೆಸಿದ, 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಗಲಿನ ಅರಿವಳಿಕೆ ಅವುಗಳ ಗಡಿಯಾರವನ್ನು ಗಂಟೆಗಳ ಲೆಕ್ಕದಲ್ಲಿ ಹಿಂದೆ ಸರಿಸಿತು. ರಾತ್ರಿ ಕೊಟ್ಟ ಅದೇ ಅರಿವಳಿಕೆ ಸರಿಸಲಿಲ್ಲ. ಕೆಟಮೀನ್ ಎಂಬ ಅರಿವಳಿಕೆ ಔಷಧದ ವಿಷಯದಲ್ಲಿ ಇನ್ನೊಂದು ಎಳೆಯಿದೆ. ಕಣ್ಣಿನಿಂದ ಗಡಿಯಾರದ ಕೇಂದ್ರಕ್ಕೆ ಬೆಳಕಿನ ಸುದ್ದಿ ಒಯ್ಯುವ ನರಗಳು ಗ್ಲುಟಮೇಟ್ ಎಂಬ ಸಂದೇಶವಾಹಕವನ್ನು ಬಳಸುತ್ತವೆ, ಆ ಸುದ್ದಿಯನ್ನು ಸ್ವೀಕರಿಸುವವುಗಳಲ್ಲಿ ಎನ್‌ಎಂಡಿಎ ಗ್ರಾಹಕ ಮುಖ್ಯವಾದದ್ದು. ಆ ಗ್ರಾಹಕವನ್ನು ತಡೆಯುವ ಔಷಧ ಕೊಟ್ಟ ಹ್ಯಾಮ್‌ಸ್ಟರ್‌ಗಳಲ್ಲಿ ಬೆಳಕು ಗಡಿಯಾರವನ್ನು ಸರಿಸುವುದು ಕುಂಠಿತವಾಗುತ್ತದೆ, ಕೆಟಮೀನ್ ತಡೆಯುವುದೂ ಅದೇ ಗ್ರಾಹಕವನ್ನು. ಆದ್ದರಿಂದ ಒಂದೇ ಪ್ರಾಣಿಗೆ ಸೋಮವಾರ ಹಗಲು, ಮಂಗಳವಾರ ರಾತ್ರಿ ಔಷಧ ಕೊಟ್ಟು ಹೋಲಿಸುವುದು ತೋರಿಕೆಗೆ ಅಚ್ಚುಕಟ್ಟಾದರೂ, ಎರಡನೆಯ ದಿನ ನಿಮ್ಮ ಮುಂದಿರುವುದು ಗಡಿಯಾರ ಸರಿದಿರಬಹುದಾದ ಪ್ರಾಣಿ. ನಡುವೆ ಒಂದು ವಾರವಾದರೂ ಬಿಡಿ, ಅಥವಾ ಪ್ರತಿ ಹೊತ್ತಿಗೂ ಬೇರೆ ಗುಂಪನ್ನು ಬಳಸಿ.

ಇನ್ನು ನಾಯಿ, ಬೆಕ್ಕು, ಕುದುರೆಗಳ ಮಾತು. ಇಲಿಗಳ ಫಲಿತಾಂಶವನ್ನು ಹನ್ನೆರಡು ಗಂಟೆ ತಿರುಗಿಸಿ ಹಗಲು ಓಡಾಡುವ ಪ್ರಾಣಿಗೆ ಹಚ್ಚುವುದು ಸರಿಯಾದ ದಾರಿಯಲ್ಲ. ಬೆಕ್ಕು ಮುಂಜಾವು ಮತ್ತು ಮುಸ್ಸಂಜೆಗಳಲ್ಲಿ ಚುರುಕು. ಕುದುರೆ ದಿನಕ್ಕೆ ಮೂರು ಗಂಟೆಯ ಆಸುಪಾಸು ಮಾತ್ರ, ಅದೂ ತುಂಡು ತುಂಡಾಗಿ ನಿದ್ರಿಸುತ್ತದೆ. ನಾಯಿಯ ದಿನಚರಿ ಸಾಕಿದವರ ದಿನಚರಿಗೆ ಅಂಟಿಕೊಂಡಿರುತ್ತದೆ. ಹಿಮಸಾರಂಗಗಳಂತೂ ಧ್ರುವಪ್ರದೇಶದ ಮುಳುಗದ ಸೂರ್ಯನ ಬೇಸಿಗೆಯಲ್ಲಿ ಮತ್ತು ಹುಟ್ಟದ ಸೂರ್ಯನ ಚಳಿಗಾಲದಲ್ಲಿ ದಿನದ ಲಯವನ್ನೇ ಬಹುಪಾಲು ಕೈಬಿಟ್ಟು, ಮೇಯುವುದು ಮತ್ತು ಮೆಲುಕು ಹಾಕುವುದನ್ನು ಸುತ್ತಿನ ಮೇಲೆ ಸುತ್ತಾಗಿ ನಡೆಸುತ್ತವೆ. ಮೀನುಗಳಲ್ಲಿ ಲೆಕ್ಕ ಮತ್ತೂ ಬೇರೆ: ಹಗಲು ಚುರುಕಾಗಿರುವ ಝೀಬ್ರಾಮೀನಿಗೆ ನೀರಿನಲ್ಲಿ ಕರಗಿಸುವ ಅರಿವಳಿಕೆ ಹಗಲಿನಲ್ಲಿಯೇ ಹೆಚ್ಚು ತೀವ್ರವಾಗಿ ತಾಕುತ್ತದೆ. ವಿಶ್ರಾಂತಿಯ ಹೊತ್ತಿನಲ್ಲಿ ಔಷಧದ ಪರಿಣಾಮ ಹೆಚ್ಚು ಎಂಬ ಇಲಿಗಳ ನಿಯಮ ಅಲ್ಲಿ ತಲೆಕೆಳಗಾಗುತ್ತದೆ.

ಚಿಕಿತ್ಸಾಲಯದಲ್ಲಿ ಹೊತ್ತಿಗಿಂತ ಮೊದಲು ಗಮನಿಸಬೇಕಾದದ್ದು ಪ್ರಾಣಿಯ ಗಾಬರಿ. ಡೆಕ್ಸ್‌ಮೆಡಿಟೊಮಿಡಿನ್ ಕೊಟ್ಟ ನಾಯಿಯನ್ನು ಗದ್ದಲದ, ಪ್ರಖರ ಬೆಳಕಿನ ಕೋಣೆಯಲ್ಲಿ ಹಿಡಿದುಕೊಂಡರೆ ಅದರ ದೇಹದ ಸ್ವಂತ ಅಡ್ರಿನಲಿನ್ ಔಷಧಕ್ಕೆ ಎದುರು ನಿಲ್ಲುತ್ತದೆ, ಸರಿಯಾದ ಡೋಸ್ ಕೂಡ ಸಾಲದಾಗುತ್ತದೆ. ಚುಚ್ಚುಮದ್ದಿನ ನಂತರ ಹತ್ತು-ಹದಿನೈದು ನಿಮಿಷ ಮಬ್ಬು ಬೆಳಕಿನಲ್ಲಿ ಯಾರೂ ಮುಟ್ಟದೆ ಬಿಡುವುದು, ದೊಡ್ಡ ಪ್ರಾಣಿಗಳಿಗೆ ಕಣ್ಣುಪಟ್ಟಿ ಕಟ್ಟುವುದು, ಇವು ಬೆಳಕಿನ ನೇರ ಪರಿಣಾಮವನ್ನು ನಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳುವ ಸರಳ ಮಾರ್ಗಗಳು. ಇದೇ ಸಂದರ್ಭದಲ್ಲಿ ಕಣ್ಣಿನ ವಿಷಯವನ್ನೂ ಹೇಳಿಬಿಡುತ್ತೇನೆ: ಕೆಟಮೀನ್ ಕೊಟ್ಟಾಗ ರೆಪ್ಪೆಗಳು ತೆರೆದೇ ಇರುತ್ತವೆ, ಬೆಕ್ಕಿನ ಪಾಪೆಗಳು ಅಗಲವಾಗಿ ಹಿಗ್ಗಿರುತ್ತವೆ. ಲೇಪನ ಹಚ್ಚಿ ಕಣ್ಣು ಮುಚ್ಚದೆ ಶಸ್ತ್ರಚಿಕಿತ್ಸೆಯ ದೀಪದ ಕೆಳಗೆ ಮಲಗಿಸಬೇಡಿ. ಕಣ್ಣಿನಲ್ಲಿ ವರ್ಣದ್ರವ್ಯವಿಲ್ಲದ ಬಿಳಿ ಇಲಿಗಳಲ್ಲಿ ಪ್ರಖರ ಬೆಳಕು ಅಕ್ಷಿಪಟಕ್ಕೇ ಶಾಶ್ವತ ಹಾನಿ ಮಾಡುತ್ತದೆ.

ನಿಮ್ಮ ಪ್ರಯೋಗವನ್ನು ತಿದ್ದುವಾಗ ಗೋಡೆಯ ಗಡಿಯಾರವನ್ನು ಬಿಟ್ಟು ಪ್ರಾಣಿಯ ಹೊತ್ತಿನಲ್ಲಿ ಬರೆಯಲು ಆರಂಭಿಸಿ. ದೀಪ ಹೊತ್ತುವ ಗಳಿಗೆಯನ್ನು ಸೊನ್ನೆ ಎಂದು ಹಿಡಿದು ಎಣಿಸುವ ಈ ಪದ್ಧತಿಗೆ ಝೈಟ್‌ಗೇಬರ್ ಸಮಯ ಎನ್ನುತ್ತಾರೆ. ಬೆಳಗ್ಗೆ ಆರಕ್ಕೆ ದೀಪ ಹೊತ್ತುವ ಕೋಣೆಯಲ್ಲಿ ಹತ್ತು ಗಂಟೆ ಎಂದರೆ ಆ ಲೆಕ್ಕದಲ್ಲಿ 4. ರಾತ್ರಿ ಎಂಟಕ್ಕೆ ದೀಪ ಹೊತ್ತಿ ಬೆಳಗ್ಗೆ ಎಂಟಕ್ಕೆ ಆರುವ ತಿರುಗಿಸಿದ ಕೋಣೆಯಲ್ಲಿ ಅದೇ ಹತ್ತು ಗಂಟೆ 14, ಅಂದರೆ ಇಲಿಗಳ ಓಡಾಟದ ಹೊತ್ತು. ಇಂಥ ತಿರುಗಿಸಿದ ಕೋಣೆಯೊಂದನ್ನು ಮಾಡಿಕೊಂಡರೆ ನೀವು ನಿದ್ದೆಗೆಟ್ಟು ರಾತ್ರಿ ಕೆಲಸ ಮಾಡಬೇಕಿಲ್ಲ, ಎರಡೂ ಗುಂಪುಗಳನ್ನು ಒಂದೇ ಬೆಳಗ್ಗೆ ಒಬ್ಬರೇ ಅಳೆಯಬಹುದು. ದೀಪದ ಹೊತ್ತು ತಿರುಗಿಸಿದ ಮೇಲೆ ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ವಾರ ಕಾಯಿರಿ. ಕತ್ತಲಲ್ಲಿ ಕೆಲಸಕ್ಕೆ ಮಬ್ಬಾದ ಕೆಂಪು ದೀಪ ಬಳಸಿ, ಆದರೆ ಕೆಂಪು ಎಂದಾಕ್ಷಣ ಇಲಿಗಳಿಗೆ ಕಾಣುವುದೇ ಇಲ್ಲ ಎಂದು ಭಾವಿಸಿ ಪ್ರಖರ ದೀಪ ಹಾಕಬೇಡಿ. ಬಾಗಿಲಿನ ಸಂದಿಯ ಬೆಳಕು, ಉಪಕರಣಗಳ ನೀಲಿ ಸೂಚಕ ದೀಪಗಳು, ರಾತ್ರಿ ಯಾರೋ ನೀರು ಬದಲಿಸಲು ಹಾಕುವ ದೀಪ, ಇವನ್ನೂ ಪರಿಶೀಲಿಸಿ.

ಎರಡೇ ಹೊತ್ತುಗಳನ್ನು ಹೋಲಿಸಿದರೆ ಏರಿಳಿತದ ಶಿಖರ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ನಾಲ್ಕು ಗಂಟೆಗೊಮ್ಮೆ, ಒಟ್ಟು ಆರು ಹೊತ್ತು ಇಟ್ಟುಕೊಳ್ಳಿ. ಲಯ ಗಡಿಯಾರದ್ದೇ ಎಂದು ಖಚಿತಪಡಿಸಲು ಒಂದು ಗುಂಪನ್ನು ಎರಡು ದಿನ ಪೂರ್ತಿ ಕತ್ತಲಲ್ಲಿಟ್ಟು ಅದೇ ಅಳತೆ ಮಾಡಿ. ಸಾಧ್ಯವಿದ್ದರೆ ಇಲಿ ಎಚ್ಚೆತ್ತ ಗಳಿಗೆಯಲ್ಲಿ ರಕ್ತದಲ್ಲಿ ಔಷಧ ಎಷ್ಟಿದೆ ಎಂದು ನೋಡಿ: ಹಗಲೂ ರಾತ್ರಿಯೂ ಒಂದೇ ಪ್ರಮಾಣದಲ್ಲಿ ಎಚ್ಚರವಾದರೆ ವ್ಯತ್ಯಾಸ ಔಷಧ ಒಡೆಯುವ ವೇಗದ್ದು, ರಾತ್ರಿ ಹೆಚ್ಚಿನ ಪ್ರಮಾಣ ಇದ್ದಾಗಲೇ ಎಚ್ಚರವಾದರೆ ಮೆದುಳಿನ ಸಂವೇದನೆಯದೂ ಪಾಲಿದೆ. ನಿಮ್ಮ ಮೊದಲ ಪ್ರಶ್ನೆಗೆ ನಿಮ್ಮದೇ ಇಲಿಗಳಿಂದ ಉತ್ತರ ಪಡೆಯಲು ಇದಕ್ಕಿಂತ ನೇರವಾದ ಅಳತೆಯಿಲ್ಲ.

ಕೊನೆಯದಾಗಿ ಸುರಕ್ಷತೆಯ ವಿಷಯ. ಪೆಂಟೊಬಾರ್ಬಿಟಾಲ್‌ನಲ್ಲಿ ಮಲಗಿಸುವ ಡೋಸಿಗೂ ಉಸಿರು ನಿಲ್ಲಿಸುವ ಡೋಸಿಗೂ ನಡುವಿನ ಅಂತರ ಕಿರಿದು. ರಾತ್ರಿಯ ಇಲಿಗಳ ಮೇಲೆ ನಿಗದಿಪಡಿಸಿದ ಡೋಸನ್ನು ಹಾಗೆಯೇ ಹಗಲಿನ ಗುಂಪಿಗೆ ಕೊಡಬೇಡಿ. ಕಡಿಮೆಯಿಂದ ಆರಂಭಿಸಿ, ಎದೆಯ ಏರಿಳಿತವನ್ನೂ ಮೈಬಿಸಿಯನ್ನೂ ನೋಡುತ್ತ, ಪ್ರತಿ ಹೊತ್ತಿಗೂ ಡೋಸನ್ನು ಹೊಸದಾಗಿ ಗೊತ್ತುಮಾಡಿಕೊಳ್ಳಿ.